ಉಂಗುರ ಕಳೆದಷ್ಟೂ ಗಟ್ಟಿಯಾದ ಜೆಲ್: ಜಾರುವ ಕೊಂಡಿಗಳ ಒಂದು ಪ್ರಕರಣ ಅಧ್ಯಯನ

ಎಳೆದು ಹಿಡಿದ ರಬ್ಬರ್ ಬ್ಯಾಂಡಿನ ಅಂಚಿಗೆ ಬ್ಲೇಡಿನ ಮೊನೆಯನ್ನು ಒಮ್ಮೆ ತಾಗಿಸಿ ನೋಡಿ. ಕೂದಲೆಳೆಯಷ್ಟು ಗೀರು ಬಿದ್ದರೂ ಸಾಕು, ಅದು ಬಾಯಿ ತೆರೆದು, ಕಣ್ಣು ಮಿಟುಕಿಸುವುದರೊಳಗೆ ಬ್ಯಾಂಡನ್ನು ಎರಡಾಗಿ ಸೀಳಿಬಿಡುತ್ತದೆ. ಕ್ಷಣದ ಹಿಂದೆ ಅದೇ ಬ್ಯಾಂಡ್ ಹಲವು ಪಟ್ಟು ಹಿಗ್ಗಿಯೂ ಏನೂ ಆಗದಂತೆ ನಿಂತಿತ್ತು. ಹಿಗ್ಗುವ ಗುಣ ಬೇರೆ, ಹರಿಯದಿರುವ ಗುಣ ಬೇರೆ. ಮಾರಾಟದ ಕರಪತ್ರಗಳಲ್ಲಿ ಮೊದಲನೆಯದರ ಅಂಕಿಯೇ ದೊಡ್ಡ ಅಕ್ಷರದಲ್ಲಿರುತ್ತದೆ. ಬಳಕೆಯಲ್ಲಿ ಕೈಕೊಡುವುದು ಎರಡನೆಯದು. ಗೀರು ಬಿದ್ದ ಮೇಲೆಯೂ ಹಿಗ್ಗುವುದೇ ಎಂದು ಕೇಳುವವರು ಕಡಿಮೆ.

ಈ ಬರಹದಲ್ಲಿರುವುದು ಆ ಪ್ರಶ್ನೆಯ ಬೆನ್ನು ಹತ್ತಿದ ಒಂದೇ ವಸ್ತುವಿನ ಕಥೆ. ಉದ್ದನೆಯ ಪಾಲಿಮರ್ ಎಳೆ, ಅಂದರೆ ಸಣ್ಣ ಘಟಕಗಳು ಸಾಲಾಗಿ ಕೂಡಿ ಆದ ದಾರದಂಥ ಅಣು, ಅದಕ್ಕೆ ಮಣಿಗಳಂತೆ ಪೋಣಿಸಿದ ಉಂಗುರಾಕಾರದ ಅಣುಗಳು, ಆ ಉಂಗುರಗಳ ನಡುವೆ ಹಾಕಿದ ಕೊಂಡಿಗಳು: ವಸ್ತುವಿನಲ್ಲಿ ಇರುವುದು ಇಷ್ಟೇ. ಮೂರು ದಶಕಗಳಲ್ಲಿ ಈ ವಿನ್ಯಾಸದ ಒಂದು ಸಂಖ್ಯೆ ಮಾತ್ರ ಮತ್ತೆ ಮತ್ತೆ ಬದಲಾಯಿತು. ಒಂದು ಎಳೆಗೆ ಎಷ್ಟು ಉಂಗುರ? ಮೊದಲು ದಾರ ಕಾಣದಷ್ಟು ಒತ್ತಾಗಿ, ಆಮೇಲೆ ಕಾಲು ಭಾಗ, ಕೊನೆಗೆ ನೂರಕ್ಕೆ ಎರಡು. ಪೋಣಿಸುವ ಕಲೆಯಲ್ಲಿ ಪಳಗಿದವರೇ ಮಣಿಗಳನ್ನು ಒಂದೊಂದಾಗಿ ಕಳಚುತ್ತಾ ಹೋದದ್ದು ಏಕೆ ಎಂಬುದೇ ಈ ಪ್ರಕರಣ.

ಮೊದಲು ರಬ್ಬರ್ ಏಕೆ ಹಿಗ್ಗುತ್ತದೆ ಎಂಬುದನ್ನು ನೋಡಬೇಕು. ಅಗಲವಾದ ರಬ್ಬರ್ ಬ್ಯಾಂಡೊಂದನ್ನು ತುಟಿಗೆ ತಾಗಿಸಿಕೊಂಡು ಥಟ್ಟನೆ ಎಳೆದರೆ ಬೆಚ್ಚಗಾದದ್ದು ತಿಳಿಯುತ್ತದೆ; ಹಾಗೇ ಸ್ವಲ್ಪ ಹೊತ್ತು ಹಿಡಿದಿದ್ದು ಬಿಟ್ಟರೆ ತಣ್ಣಗಾಗುತ್ತದೆ. ಜಾನ್ ಗಾಫ್ ಇದನ್ನು 1805ರಲ್ಲೇ ಬರೆದಿಟ್ಟಿದ್ದರು. ಕಾರಣ ತಿಳಿಯಲು ಇನ್ನೂ ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು. ರಬ್ಬರಿನೊಳಗಿನ ಎಳೆಗಳು ಸುರುಳಿ ಸುತ್ತಿಕೊಂಡು, ಒಂದು ಕ್ಷಣ ಇದ್ದ ಭಂಗಿಯಲ್ಲಿ ಮರುಕ್ಷಣ ಇರದೆ, ಸದಾ ಮಿಸುಕಾಡುತ್ತಿರುತ್ತವೆ. ಎಳೆದಾಗ ಅವು ನೆಟ್ಟಗಾಗಬೇಕಾಗುತ್ತದೆ, ಅಂದರೆ ಸಾಧ್ಯವಿದ್ದ ಸಾವಿರಾರು ಭಂಗಿಗಳನ್ನು ಬಿಟ್ಟುಕೊಡಬೇಕಾಗುತ್ತದೆ. ಕೈಬಿಟ್ಟ ಕೂಡಲೇ ಮತ್ತೆ ಗೋಜಲಿಗೆ ಮರಳುತ್ತವೆ. ರಬ್ಬರಿನ ಎಳೆತದ ಬಲ ಎಂದರೆ ಬಹುಪಾಲು ಗೋಜಲಿಗೆ ಮರಳುವ ಈ ಹಟ.

ಆದರೆ ಎಳೆಗಳು ಒಂದಕ್ಕೊಂದು ಅಂಟಿಕೊಳ್ಳದಿದ್ದರೆ ಎಳೆದಾಗ ಜಾರಿ ಹರಿದುಹೋಗುತ್ತವೆ, ಜೇನಿನಂತೆ. 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ರಬ್ಬರಿಗೆ ಗಂಧಕ ಸೇರಿಸಿ ಬಿಸಿ ಮಾಡಿ ಕಂಡುಕೊಂಡದ್ದು ಈ ಅಂಟಿಸುವ ವಿದ್ಯೆಯನ್ನೇ. ಎಳೆಯಿಂದ ಎಳೆಗೆ ಗಂಧಕದ ಅಡ್ಡಕೊಂಡಿ. ಅಲ್ಲಿಂದೀಚೆಗೆ ನಾವು ರಬ್ಬರ್ ಎಂದು ಕರೆಯುವುದೆಲ್ಲ ಹೆಚ್ಚುಕಡಿಮೆ ಒಂದು ಬಲೆ. ಬಲೆಯ ಗಂಟುಗಳು ಹಾಕಿದ ಜಾಗದಲ್ಲೇ ಕೂತಿರುತ್ತವೆ. ತೊಡಕು ಇರುವುದೂ ಅಲ್ಲೇ.

ಗಂಟುಗಳು ಎಲ್ಲೆಂದರಲ್ಲಿ ಬೀಳುವುದರಿಂದ ಎರಡು ಗಂಟುಗಳ ನಡುವಿನ ಎಳೆ ಕೆಲವು ಕಡೆ ಉದ್ದ, ಕೆಲವು ಕಡೆ ಗಿಡ್ಡ. ಎಳೆದಾಗ ಗಿಡ್ಡ ಎಳೆಗಳು ಮೊದಲೇ ನೆಟ್ಟಗಾಗಿ ಬಿಗಿದು ನಿಲ್ಲುತ್ತವೆ. ಪಕ್ಕದ ಉದ್ದ ಎಳೆಗಳು ಇನ್ನೂ ಸುರುಳಿ ಬಿಚ್ಚುತ್ತಿರುತ್ತವೆ. ಭಾರವೆಲ್ಲ ಕೆಲವರ ತಲೆಯ ಮೇಲೆ. ಅವು ತುಂಡಾಗುತ್ತವೆ, ಭಾರ ಪಕ್ಕದವುಗಳಿಗೆ ದಾಟುತ್ತದೆ, ಅವೂ ತುಂಡಾಗುತ್ತವೆ. ಗೀರಿನ ತುದಿಯಲ್ಲಿ ಇದು ಇನ್ನೂ ಘೋರ, ಏಕೆಂದರೆ ಅಲ್ಲಿ ಬಲ ಮೊದಲೇ ಒಟ್ಟುಗೂಡಿರುತ್ತದೆ.

ಹಾಗಾದರೆ ಎಳೆಗಳನ್ನೆಲ್ಲ ಉದ್ದ ಮಾಡಿದರಾಯಿತಲ್ಲ? ಇದಕ್ಕೆ ಲೇಕ್ ಮತ್ತು ಥಾಮಸ್ 1967ರಲ್ಲಿ ಕೊಟ್ಟ ಲೆಕ್ಕ ಇಂದಿಗೂ ವಿನ್ಯಾಸಕಾರರ ಮೇಜಿನ ಮೇಲಿದೆ. ಒಂದು ಎಳೆಯನ್ನು ತುಂಡು ಮಾಡಲು ಅದರ ಒಂದು ರಾಸಾಯನಿಕ ಬಂಧ ಕಡಿದರೆ ಸಾಕು, ನಿಜ. ಆದರೆ ಆ ಒಂದು ಬಂಧವನ್ನು ಕಡಿಯುವ ಮಟ್ಟಕ್ಕೆ ತರಬೇಕಾದರೆ ಎರಡು ಗಂಟುಗಳ ನಡುವಿನ ಎಲ್ಲ ಬಂಧಗಳನ್ನೂ ಅಷ್ಟೇ ಬಿಗಿಯಾಗಿ ಎಳೆಯಬೇಕು. ಕಡಿದಾಗ ಅಷ್ಟೂ ಶಕ್ತಿ ವ್ಯಯವಾಗುತ್ತದೆ. ಹೀಗಾಗಿ ಎಳೆ ಉದ್ದವಾದಷ್ಟೂ ಸೀಳುವುದಕ್ಕೆ ಬೇಕಾದ ಶಕ್ತಿ ಉದ್ದದ ವರ್ಗಮೂಲದಂತೆ ಏರುತ್ತದೆ. ಬಿಗಿತವೋ, ಉದ್ದಕ್ಕೆ ವಿಲೋಮವಾಗಿ ಇಳಿಯುತ್ತದೆ. ಎಳೆಯನ್ನು ನಾಲ್ಕು ಪಟ್ಟು ಉದ್ದ ಮಾಡಿದರೆ ಸೀಳುಶಕ್ತಿ ಎರಡು ಪಟ್ಟಾಗುತ್ತದೆ, ಬಿಗಿತ ಕಾಲು ಭಾಗಕ್ಕೆ ಕುಸಿಯುತ್ತದೆ. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಎರಡರಷ್ಟು ಕಿತ್ತುಕೊಳ್ಳುವ ವ್ಯವಹಾರ ಇದು.

ಶೂ ಲೇಸನ್ನು ನೆನೆಸಿಕೊಳ್ಳಿ. ಲೇಸು ದಾಟುವ ಪ್ರತಿ ತೂತಿನಲ್ಲೂ ಒಂದೊಂದು ಗಂಟು ಹಾಕಿಬಿಟ್ಟರೆ, ಒಂದೆಡೆ ಬಿಗಿದದ್ದು ಅಲ್ಲೇ ಉಳಿಯುತ್ತದೆ. ಪಾದದ ಒಂದು ಕಡೆ ಕಚ್ಚುತ್ತದೆ, ಇನ್ನೊಂದು ಕಡೆ ಸಡಿಲ. ಗಂಟಿಲ್ಲದೆ ತೂತುಗಳ ಮೂಲಕ ಹರಿಯಲು ಬಿಟ್ಟರೆ, ಎಲ್ಲಿ ಎಳೆದರೂ ಸಡಿಲು ಜಾರಿಕೊಂಡು ಬಂದು ಬಿಗಿ ಎಲ್ಲೆಡೆ ಹಂಚಿಹೋಗುತ್ತದೆ. ಬಲೆಯ ಗಂಟುಗಳನ್ನೂ ಹೀಗೆ ತೂತುಗಳನ್ನಾಗಿ ಮಾಡಲು ಬರುವುದೇ? ಬರುವುದಾದರೆ ಗಿಡ್ಡ ಎಳೆ ಪಕ್ಕದ ಉದ್ದ ಎಳೆಯಿಂದ ಉದ್ದವನ್ನು ಕಡ ತಂದುಕೊಳ್ಳಬಹುದು. ಅಣುಮಟ್ಟದಲ್ಲಿ ಅಂಥ ತೂತು ಎಲ್ಲಿ ಸಿಗುತ್ತದೆ ಎಂಬುದಷ್ಟೇ ಪ್ರಶ್ನೆ.

ತೂತು ಪಿಷ್ಟದಲ್ಲಿ ಸಿಕ್ಕಿತು. ಪಿಷ್ಟಕ್ಕೆ ಒಂದು ಬಗೆಯ ಕಿಣ್ವವನ್ನು ಹಾಕಿದರೆ ಅದು ಗ್ಲೂಕೋಸ್ ಸರಪಳಿಯನ್ನು ಕತ್ತರಿಸಿ, ತುದಿಗೆ ತುದಿ ಸೇರಿಸಿ ಉಂಗುರ ಮಾಡುತ್ತದೆ. ಆರು ಗ್ಲೂಕೋಸಿನ ಉಂಗುರ ಆಲ್ಫಾ ಸೈಕ್ಲೊಡೆಕ್ಸ್‌ಟ್ರಿನ್, ಏಳರದ್ದು ಬೀಟಾ, ಎಂಟರದ್ದು ಗಾಮಾ. ಆಕಾರ ತಳವಿಲ್ಲದ ಪುಟ್ಟ ಬಕೆಟ್ಟಿನದು. ಹೊರಮೈ ನೀರನ್ನು ಇಷ್ಟಪಡುತ್ತದೆ, ಒಳಮೈ ಅಷ್ಟಾಗಿ ಇಲ್ಲ. ಆಲ್ಫಾ ಉಂಗುರದ ಒಳಹರವು ಅರ್ಧ ನ್ಯಾನೊಮೀಟರಿನ ಆಸುಪಾಸು, ಎತ್ತರ 0.8 ನ್ಯಾನೊಮೀಟರಿಗೆ ಕೊಂಚ ಕಡಿಮೆ. 1990ರಲ್ಲಿ ಒಸಾಕಾ ವಿಶ್ವವಿದ್ಯಾಲಯದ ಅಕಿರಾ ಹರಾಡಾ ಮತ್ತು ಸಂಗಡಿಗರು ಆಲ್ಫಾ ಸೈಕ್ಲೊಡೆಕ್ಸ್‌ಟ್ರಿನ್ನಿನ ನೀರಿನ ದ್ರಾವಣಕ್ಕೆ ಪಾಲಿಎಥಿಲೀನ್ ಗ್ಲೈಕಾಲ್ ಎಂಬ ಪಾಲಿಮರಿನ ದ್ರಾವಣ ಬೆರೆಸಿದರು. ಎರಡೂ ತಿಳಿಯಾದ ದ್ರಾವಣಗಳು. ಬೆರೆಸಿದ ಮೇಲೆ ಮಬ್ಬಾಗಿ, ಬಿಳಿಯ ಗಷ್ಟು ಕೂರುತ್ತದೆ. ಯಾರೂ ಸೂಜಿ ಹಿಡಿದು ಕೂರಲಿಲ್ಲ. ಉಂಗುರಗಳು ತಾವಾಗಿಯೇ ಎಳೆಯ ಮೇಲೆ ಏರಿ ಕೂತಿದ್ದವು. ಅಳತೆಯ ವಿಷಯದಲ್ಲಿ ಈ ಅಣುಗಳು ಬಹಳ ಕಟ್ಟುನಿಟ್ಟು. ಮೈಮೇಲೆ ಒಂದೊಂದು ಮೀಥೈಲ್ ಗುಂಪು ಹೆಚ್ಚಿಗೆ ಇರುವ ಪಾಲಿಪ್ರೊಪಿಲೀನ್ ಗ್ಲೈಕಾಲ್ ಆಲ್ಫಾ ಉಂಗುರದೊಳಗೆ ತೂರುವುದಿಲ್ಲ, ಅದಕ್ಕೆ ಬೀಟಾ ಬೇಕು.

1992ರಲ್ಲಿ ಅದೇ ತಂಡ ಎಳೆಯ ಎರಡೂ ತುದಿಗೆ ಉಂಗುರ ದಾಟಲಾಗದಷ್ಟು ದಪ್ಪನೆಯ ಗುಂಪುಗಳನ್ನು ಹಚ್ಚಿ, ಮಣಿಗಳು ಉದುರದಂತೆ ಮಾಡಿತು. ಅಣುಗಾತ್ರದ ಹಾರ. ಇಂಥ ರಚನೆಗೆ ಪಾಲಿರೊಟಾಕ್ಸೇನ್ ಎಂದು ಹೆಸರು. ಮರುವರ್ಷ ಅವರು ಒಂದೇ ಹಾರದ ಅಕ್ಕಪಕ್ಕದ ಮಣಿಗಳನ್ನು ಒಂದಕ್ಕೊಂದು ಬೆಸೆದು, ತುದಿಯ ತಡೆಗಳನ್ನು ಕಿತ್ತು, ದಾರವನ್ನೇ ಹೊರಗೆಳೆದರು. ಉಳಿದದ್ದು ಅಣುಗಾತ್ರದ ಕೊಳವೆ. ಈ ಕೆಲಸಕ್ಕೆ ನಮ್ಮ ಪ್ರಕರಣದಲ್ಲಿ ನೇರ ಪಾತ್ರವಿಲ್ಲ. ಆದರೂ ಹೇಳಲೇಬೇಕು ಅನಿಸುತ್ತದೆ, ಏಕೆಂದರೆ ಇದೇ ಬೆಸುಗೆಯನ್ನು ಒಂದು ಹಾರದ ಮಣಿಗಳ ನಡುವೆ ಹಾಕಿದರೆ ಕೊಳವೆ, ಎರಡು ಹಾರಗಳ ಮಣಿಗಳ ನಡುವೆ ಹಾಕಿದರೆ ಬೇರೆಯೇ ಜಗತ್ತು.

ಆ ಬೇರೆ ಜಗತ್ತಿನ ಬಾಗಿಲು ತೆರೆದದ್ದು ಟೋಕಿಯೊ ವಿಶ್ವವಿದ್ಯಾಲಯದ ಯಸುಶಿ ಒಕುಮುರಾ ಮತ್ತು ಕೊಹ್ಜೊ ಇಟೊ, 2001ರಲ್ಲಿ. ಜಾರುವ ಕೊಂಡಿಗಳಿರುವ ಜೆಲ್, ಅಂದರೆ ದ್ರವ ತುಂಬಿದ ಬಲೆ, ಹೇಗೆ ವರ್ತಿಸೀತು ಎಂದು ಫ್ರೆಂಚ್ ಭೌತವಿಜ್ಞಾನಿ ಪಿಯರ್-ಗಿಲ್ ಡಿ ಜೆನ್ 1999ರಲ್ಲೇ ಕಾಗದದ ಮೇಲೆ ಲೆಕ್ಕ ಹಾಕಿದ್ದರು. ಒಕುಮುರಾ ಮತ್ತು ಇಟೊ ಬೇರೆ ಬೇರೆ ಹಾರಗಳ ಉಂಗುರಗಳನ್ನು ಜೋಡಿ ಜೋಡಿಯಾಗಿ ಬೆಸೆದರು. ಬೆಸೆದ ಎರಡು ಉಂಗುರ ಎಂದರೆ ಎಂಟರ ಅಂಕಿಯ ಆಕಾರ. ಅದರ ಒಂದೊಂದು ಕಣ್ಣಿನಲ್ಲಿ ಒಂದೊಂದು ಎಳೆ. ಗಮನಿಸಿ, ಎಳೆಗೆ ಎಲ್ಲೂ ಯಾವ ಬಂಧವೂ ಇಲ್ಲ. ಎರಡು ಎಳೆಗಳು ಒಟ್ಟಿಗಿವೆ, ಆದರೆ ಅಂಟಿಕೊಂಡಿಲ್ಲ. ಬೇಕಾದಾಗ ಜಾರಬಹುದು, ಬಿಟ್ಟುಹೋಗಲು ಮಾತ್ರ ಆಗದು, ತುದಿಯಲ್ಲಿ ತಡೆ ಇದೆ.

ಇದಕ್ಕೆ ರಾಟೆಯ ಪರಿಣಾಮ ಎಂಬ ಹೆಸರು ನಿಂತುಬಿಟ್ಟಿದೆ. ನನಗೆ ಈ ಹೆಸರಿನ ಬಗ್ಗೆ ಸಣ್ಣ ತಕರಾರಿದೆ. ರಾಟೆ ತೊಲೆಗೆ ಕಟ್ಟಿರುತ್ತದೆ, ಹಗ್ಗ ಮಾತ್ರ ಓಡುತ್ತದೆ. ಇಲ್ಲಿ ರಾಟೆಯನ್ನು ಕಟ್ಟುವ ತೊಲೆಯೇ ಇಲ್ಲ. ಎರಡು ರಾಟೆಗಳು ಬೆನ್ನಿಗೆ ಬೆನ್ನು ಅಂಟಿಕೊಂಡು, ಎರಡು ಹಗ್ಗಗಳ ಮೇಲೆ ತೇಲುತ್ತಿವೆ. ಅದರ ಪರಿಣಾಮ ಎಳೆತದ ನಕ್ಷೆಯಲ್ಲಿ ಕಾಣುತ್ತದೆ. ಸಾಮಾನ್ಯ ರಬ್ಬರ್ ಆರಂಭದಲ್ಲೇ ಬಿಗಿಯಾಗಿ, ಮಧ್ಯದಲ್ಲಿ ಸಡಿಲಾಗಿ, ಕೊನೆಯಲ್ಲಿ ಮತ್ತೆ ಬಿಗಿಯುತ್ತದೆ. ಜಾರುಕೊಂಡಿಯ ಜೆಲ್ ಮೊದಮೊದಲು ಮೆತ್ತಗೆ ಒಪ್ಪಿಕೊಳ್ಳುತ್ತಾ ಹೋಗಿ, ಜಾರುವಷ್ಟು ಜಾರಿ ಮುಗಿದ ಮೇಲೆ ಮೇಲಕ್ಕೆ ತಿರುಗುತ್ತದೆ. ಚರ್ಮ, ರಕ್ತನಾಳದಂತಹ ಜೀವಂತ ಅಂಗಾಂಶಗಳ ನಕ್ಷೆಯೂ ಇದೇ ಜಾತಿಯದು.

ಈಗ ಸಂಖ್ಯೆಯ ವಿಷಯ. ಒಂದು ಆಲ್ಫಾ ಉಂಗುರ ಎಳೆಯ ಎರಡು ಘಟಕಗಳಷ್ಟು ಜಾಗ ಹಿಡಿಯುತ್ತದೆ. ಈ ಕೆಲಸದಲ್ಲಿ ಸಾಮಾನ್ಯವಾಗಿ ಬಳಸುವ, 35,000 ಅಣುತೂಕದ ಪಾಲಿಎಥಿಲೀನ್ ಗ್ಲೈಕಾಲ್ ಎಳೆಯಲ್ಲಿ ಸುಮಾರು 800 ಘಟಕಗಳಿವೆ. ಒತ್ತೊತ್ತಾಗಿ ಪೋಣಿಸಿದರೆ 400 ಉಂಗುರ ಹಿಡಿಯುತ್ತವೆ. ಹಾಗೆ ತುಂಬಿದ ಹಾರ ನೋಡಲು ಚೆಂದ, ವಸ್ತುವಾಗಿ ನಿರುಪಯೋಗಿ. ಒಂದೊಂದು ಉಂಗುರದ ಮೈಮೇಲೆ 18 ಹೈಡ್ರಾಕ್ಸಿಲ್ ಗುಂಪುಗಳು; ಪಕ್ಕದ ಉಂಗುರಗಳ ಗುಂಪುಗಳೊಡನೆ ಅವು ಹೈಡ್ರೊಜನ್ ಬಂಧ ಕಟ್ಟಿಕೊಂಡು, ಇಡೀ ಹಾರ ಕೋಲಿನಂತೆ ಸೆಟೆದುಕೊಳ್ಳುತ್ತದೆ. ಕೋಲುಗಳು ಸಾಲುಗಟ್ಟಿ ಹರಳಾಗುತ್ತವೆ. ನೀರಿನಲ್ಲಿ ಕರಗುವುದಿಲ್ಲ, ಬಹುತೇಕ ಸಾಮಾನ್ಯ ದ್ರಾವಕಗಳಲ್ಲೂ ಇಲ್ಲ. ಪ್ರಬಲ ಕ್ಷಾರವೋ ಡೈಮೀಥೈಲ್ ಸಲ್ಫಾಕ್ಸೈಡೋ ಬೇಕು. ಜಾರಲು ಜಾಗವೂ ಇಲ್ಲ. ತುಂಬಿದ ಬಸ್ಸಿನಲ್ಲಿ ಹಿಂದಕ್ಕೆ ಸರಿಯಿರಿ ಎಂದಂತೆ.

ಇದು ತಿಳಿದೇ ಟೋಕಿಯೊ ತಂಡ ಮೊದಲಿನಿಂದಲೂ ವಿರಳ ಪೋಣಿಕೆಗೆ ಕೈಹಾಕಿತ್ತು. ಉದ್ದನೆಯ ಎಳೆ, ಅದರಲ್ಲಿ ಕಾಲು ಭಾಗದ ಆಸುಪಾಸು ಉಂಗುರ. ನಮ್ಮ 400ರ ಲೆಕ್ಕದಲ್ಲಿ ನೂರು. ಉಂಗುರಗಳ ಹೈಡ್ರಾಕ್ಸಿಲ್‌ಗಳಿಗೆ ಹೈಡ್ರಾಕ್ಸಿಪ್ರೊಪೈಲ್ ಗುಂಪು ಹಚ್ಚಿ ಅವು ಒಂದಕ್ಕೊಂದು ಅಂಟದಂತೆ ಮಾಡುವ ಉಪಾಯವೂ ಬಂತು. ಇಲ್ಲಿಗೆ ವಸ್ತು ಬಳಕೆಗೆ ಬಂದಿತು. ಉಂಗುರಗಳಿಗೆ ಕ್ಯಾಪ್ರೊಲ್ಯಾಕ್ಟೋನಿನ ಬಾಲಗಳನ್ನು ಬೆಳೆಸಿ ಬಣ್ಣ, ಲೇಪನಗಳಿಗೆ ಬೆರೆಸಿದರು. 2012ರಲ್ಲಿ ನಿಸಾನ್ ಕಂಪನಿ ತೋರಿಸಿದ, ಸಣ್ಣ ಗೀರುಗಳು ತಾವಾಗಿ ಮುಚ್ಚಿಕೊಳ್ಳುವ ಮೊಬೈಲ್ ಕವಚದ ಲೇಪನದಲ್ಲಿದ್ದದ್ದು ಪಾಲಿರೊಟಾಕ್ಸೇನೇ. ಗಾಯ ಮಾಯುವುದು ಎಂಬ ಮಾತನ್ನು ಆಗ ಧಾರಾಳವಾಗಿ ಬಳಸಲಾಯಿತು. ಲೇಪನ ಕಡಿದುಹೋಗಿದ್ದರೆ ಮಾಯುವುದು ಕಷ್ಟ. ಅದು ಬರೀ ತಗ್ಗಾಗಿದ್ದರೆ ಮೆಲ್ಲಗೆ ಮೊದಲಿನ ಆಕಾರಕ್ಕೆ ಮರಳುತ್ತದೆ. ಎರಡೂ ಒಂದೇ ಅಲ್ಲ.

ಸೀಳುವಿಕೆಯ ಪ್ರಶ್ನೆಗೆ ನೇರ ಉತ್ತರ ಬಂದದ್ದು 2017ರಲ್ಲಿ. ಇಟೊ ಮತ್ತು ಕೊಯಿಚಿ ಮಾಯುಮಿ ಅವರ ತಂಡ ಗೀರು ಹಾಕಿದ ಜೆಲ್ ಪಟ್ಟಿಗಳನ್ನು ಎಳೆದು ಸೀಳುಶಕ್ತಿಯನ್ನು ಅಳೆಯಿತು. ಕೊಂಡಿಗಳ ಸಂಖ್ಯೆ ಹೆಚ್ಚಿಸಿ ಜೆಲ್ಲನ್ನು ಬಿಗಿ ಮಾಡಿದರೆ ಲೇಕ್-ಥಾಮಸ್ ಲೆಕ್ಕದ ಪ್ರಕಾರ ಸೀಳುಶಕ್ತಿ ಇಳಿಯಬೇಕು. ಇಲ್ಲಿ ಆ ಇಳಿಕೆ ಕಾಣಲಿಲ್ಲ. ಗೀರಿನ ತುದಿಯಲ್ಲಿ ಎಳೆ ಬಿಗಿದಾಗ ಉಂಗುರಗಳು ಜಾರಿ, ಹಿಂದಿನ ಸಾಲಿನ ಸಡಿಲನ್ನು ಮುಂದಕ್ಕೆ ತಳ್ಳುತ್ತವೆ. ಕೊಂಡಿಯಿಂದ ಕೊಂಡಿಗೆ ಎಳೆ ಗಿಡ್ಡವೇ ಇದ್ದರೂ, ತುಂಡಾಗುವ ಹೊತ್ತಿಗೆ ಭಾರ ಹೊತ್ತ ಎಳೆ ಉದ್ದವಾಗಿರುತ್ತದೆ. ಹಳೆಯ ಲೆಕ್ಕ ತಪ್ಪಿರಲಿಲ್ಲ. ಅದರೊಳಗೆ ಹಾಕಬೇಕಾದ ಉದ್ದ ಬೇರೆಯಾಗಿತ್ತು. ಸೀಳುಶಕ್ತಿಯನ್ನು ನಿರ್ಧರಿಸುತ್ತಿದ್ದದ್ದು ಒಂದು ಕೊಂಡಿ ಎಷ್ಟು ದೂರ ಜಾರಬಲ್ಲದು ಎಂಬ ಅಳತೆ.

ಇಲ್ಲಿಂದ ಪ್ರಕರಣ ತಿರುವು ಪಡೆಯುತ್ತದೆ. ಜಾರುವ ದೂರವೇ ಮುಖ್ಯವಾದರೆ, ದಾರಿಗೆ ಅಡ್ಡ ಇರುವವರು ಯಾರು? ನೂರು ಉಂಗುರಗಳಲ್ಲಿ ಕೊಂಡಿಯಾಗಿ ದುಡಿಯುವವು ಕೆಲವೇ. ಮಿಕ್ಕವು ಬಿಡಿಯಾಗಿ ಎಳೆಯ ಮೇಲೆ ಅಲೆದಾಡುತ್ತಿರುತ್ತವೆ. ಜೆಲ್ಲನ್ನು ಎಳೆದಾಗ ಕೊಂಡಿಗಳು ಜಾರುತ್ತಾ ಆ ಬಿಡಿ ಉಂಗುರಗಳನ್ನು ಮುಂದಕ್ಕೆ ದೂಡುತ್ತವೆ. ಅವು ಎರಡು ಕೊಂಡಿಗಳ ನಡುವೆ ಒತ್ತೊತ್ತಾಗಿ ಸಿಕ್ಕಿಕೊಂಡು ಗಾಳಿಯ ಪಂಪಿನಲ್ಲಿ ಒತ್ತಿದ ಗಾಳಿಯಂತೆ ಹಿಂದಕ್ಕೆ ತಳ್ಳುತ್ತವೆ. ಕೆಲಸಕ್ಕೆ ಬಾರದ ಉಂಗುರವೂ ಜಾಗ ಹಿಡಿದಿರುತ್ತದೆ. ಇಷ್ಟು ದಿನ ಆಸ್ತಿ ಎಂದು ಎಣಿಸುತ್ತಿದ್ದದ್ದು ಹೊರೆಯಾಗಿತ್ತು.

2018ರಲ್ಲಿ ಇದೇ ತಂಡ ಪೋಣಿಕೆಯನ್ನು ನೂರಕ್ಕೆ ಎರಡರಷ್ಟಕ್ಕೆ ಇಳಿಸಿದ ಹಾರಗಳನ್ನು ಕಿಣ್ವದ ನೆರವಿನಿಂದ ತಯಾರಿಸಿತು. 400 ಹಿಡಿಯುವ ಕಡೆ ಎಂಟು ಉಂಗುರ. ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಹೇಳಿದಷ್ಟು ಸುಲಭದ ಕೆಲಸ ಇದಲ್ಲ. ಆಲ್ಫಾ ಉಂಗುರಗಳಿಗೆ ಎಳೆಯ ಮೇಲೆ ಒತ್ತಾಗಿ ಕೂರುವುದೇ ಇಷ್ಟ. ಬಿಟ್ಟರೆ ಬಿಳಿಯ ಗಷ್ಟಾಗಿ ಕೂತುಬಿಡುತ್ತವೆ. ಕೆಲವೇ ಉಂಗುರ ಏರಿದ ಹೊತ್ತಿಗೆ ಬಾಗಿಲು ಮುಚ್ಚಬೇಕು, ಅಂದರೆ ತುದಿಗೆ ತಡೆ ಕೂರಿಸಬೇಕು. ಆಮೇಲೆ ಏರದೆ ಉಳಿದ ಉಂಗುರಗಳನ್ನೆಲ್ಲ ತೊಳೆದು ತೆಗೆಯಬೇಕು. ಎಷ್ಟು ಏರಿವೆ ಎಂದು ಎಣಿಸುವುದು ಕಾಂತೀಯ ಅನುರಣನದ ರೋಹಿತದಲ್ಲಿ, ಅಂದರೆ ಅಣುವಿನ ಹೈಡ್ರೊಜನ್‌ಗಳನ್ನು ಬೇರೆಬೇರೆ ಗೋಪುರಗಳಾಗಿ ತೋರಿಸುವ ನಕ್ಷೆಯಲ್ಲಿ: ಅದರ ಅಳತೆಪಟ್ಟಿಯ 4.8ರ ಹತ್ತಿರ ಉಂಗುರದ ಹೈಡ್ರೊಜನ್‌ಗಳ ಗೋಪುರ, 3.5ರ ಹತ್ತಿರ ಎಳೆಯ ಹೈಡ್ರೊಜನ್‌ಗಳ ಗೋಪುರ. ಎರಡರ ವಿಸ್ತೀರ್ಣದ ಅನುಪಾತವೇ ಪೋಣಿಕೆ. ನೂರು ಉಂಗುರಗಳಿದ್ದಾಗ ಎರಡೂ ಗೋಪುರ ಎದ್ದು ಕಾಣುತ್ತವೆ. ಎಂಟಕ್ಕೆ ಇಳಿದಾಗ ಮೊದಲನೆಯದು ನೆಲಮಟ್ಟದ ದಿಬ್ಬ. ತೊಳೆಯುವಾಗ ಉಳಿದುಹೋದ ನಾಲ್ಕು ಬಿಡಿ ಉಂಗುರ ಕೂಡ ಲೆಕ್ಕವನ್ನು ಹದಗೆಡಿಸುತ್ತದೆ.

ಎಂಟರಲ್ಲಿ ಕೊಂಡಿಯಾಗುವುದು ಎಷ್ಟೋ ಏನೋ, ಬಲೆಯೇ ನಿಲ್ಲದೆ ಹೋದೀತು ಎಂಬ ಭಯ ಸಹಜ. ಎಳೆಯೊಂದಕ್ಕೆ ಎರಡು ಕೊಂಡಿಗಿಂತ ಹೆಚ್ಚು ಇದ್ದರೆ ಬಲೆ ನಿಲ್ಲುತ್ತದೆ ಎಂಬುದು ಹಳೆಯ ಗಣಿತ, ಅದು ಇಲ್ಲಿ ಕೈಹಿಡಿಯಿತು. ಜೆಲ್ ಬಹಳ ದೂರ ಹಿಗ್ಗಿತು, ಬಿಟ್ಟ ಕೂಡಲೇ ಮರಳಿತು.

ಮೂರು ವರ್ಷಗಳ ನಂತರ, 2021ರಲ್ಲಿ, ಅದರ ಇನ್ನೊಂದು ಗುಣ ಬೆಳಕಿಗೆ ಬಂತು. ಹಿಗ್ಗಿಸಿದ ಜೆಲ್ಲಿನ ಮೂಲಕ ಎಕ್ಸ್-ರೇ ಹಾಯಿಸಿದಾಗ, ಎಳೆತ ಒಂದು ಮಟ್ಟ ದಾಟಿದ ಮೇಲೆ ಚಿತ್ರದಲ್ಲಿ ಹರಳುಗಳ ಚುಕ್ಕಿಗಳು ಮೂಡಿದವು. ಬಿಟ್ಟಾಗ ಮಾಯವಾದವು. ಮತ್ತೆ ಎಳೆದರೆ ಮತ್ತೆ. ಪಾಲಿಎಥಿಲೀನ್ ಗ್ಲೈಕಾಲಿನ ಎಳೆಗಳು ಪಕ್ಕಪಕ್ಕ ನೆಟ್ಟಗೆ ನಿಂತು, ನೀರಿನ ನಡುವೆಯೇ ಒಂದಕ್ಕೊಂದು ತಾಗಿ ಹರಳುಗಟ್ಟುತ್ತಿದ್ದವು. ಎಳೆತದಲ್ಲಿ ಹರಳುಗಟ್ಟುವುದು ನೈಸರ್ಗಿಕ ರಬ್ಬರಿನ ಹಳೆಯ ಗುಟ್ಟು. 1925ರಲ್ಲೇ ಕಾಟ್ಸ್ ಎಕ್ಸ್-ರೇಯಲ್ಲಿ ಕಂಡಿದ್ದರು. ಆದರೆ ನೀರು ತುಂಬಿದ ಜೆಲ್ಲಿನಲ್ಲಿ, ಅದೂ ಕ್ಷಣಾರ್ಧದಲ್ಲಿ ಬಂದು ಹೋಗುವಂತೆ? ಇದಕ್ಕೆ ಎರಡು ಷರತ್ತುಗಳು ಒಟ್ಟಿಗೆ ಕೂಡಿಬರಬೇಕು. ಎಲ್ಲ ಎಳೆಗಳೂ ಸಮನಾಗಿ ನೆಟ್ಟಗಾಗಬೇಕು, ಅದನ್ನು ಜಾರುವ ಕೊಂಡಿಗಳು ನೋಡಿಕೊಂಡವು. ನೆಟ್ಟಗಾದ ಎಳೆಗಳು ಒಂದರ ಮೈ ಒಂದಕ್ಕೆ ತಾಗಬೇಕು. ಅದಕ್ಕೆ ಉಂಗುರಗಳಿಲ್ಲದ ಬರಿಯ ಎಳೆ ಬೇಕು. ಕಾಲು ಭಾಗ ತುಂಬಿದ ಹಾರದಲ್ಲಿ ಮಣಿಗಳು ಅಡ್ಡ ಬಂದು ಎಳೆಗಳನ್ನು ದೂರ ಇಡುತ್ತವೆ. ನೂರಕ್ಕೆ ಎರಡು ಭಾಗ ತುಂಬಿದ ಹಾರದಲ್ಲಿ ಹೆಚ್ಚುಕಡಿಮೆ ಎಲ್ಲವೂ ಬರಿಯ ದಾರ. ಇಷ್ಟು ವರ್ಷ ಎಲ್ಲರ ಕಣ್ಣು ಮಣಿಯ ಮೇಲಿತ್ತು, ಭಾರ ಹೊತ್ತದ್ದು ಮಣಿ ಇಲ್ಲದ ಜಾಗ.

ಆ ಹರಳುಗಳು ಹುಟ್ಟುವುದು ಎಳೆತ ಅತಿಯಾದ ಕಡೆ, ಅಂದರೆ ಗೀರಿನ ತುದಿಯಲ್ಲೇ. ಸೀಳು ಮುಂದುವರಿಯಬೇಕಾದ ದಾರಿಯಲ್ಲೇ ಗೋಡೆ ಏಳುತ್ತದೆ. ಅಲುಗದ ಕೊಂಡಿಗಳಿರುವ, ಸಮರೂಪದ ಪಾಲಿಎಥಿಲೀನ್ ಗ್ಲೈಕಾಲ್ ಜೆಲ್‌ಗಳಿಗೆ ಹೋಲಿಸಿದರೆ ತಾಳಿಕೆ ಹತ್ತು ಪಟ್ಟಿನಷ್ಟು ಹೆಚ್ಚಿತು. ಎಳೆಯಲು ಹಾಕಿದ ಶಕ್ತಿ ಬಿಟ್ಟಾಗ ಹತ್ತಿರಹತ್ತಿರ ಪೂರ್ತಿಯಾಗಿ ಮರಳಿತು.

ಈ ಕೊನೆಯ ಮಾತಿನ ತೂಕ ತಿಳಿಯಬೇಕಾದರೆ ಎದುರು ಪಕ್ಷವನ್ನೂ ನೋಡಬೇಕು. 2003ರಲ್ಲಿ ಹೊಕ್ಕೈಡೊ ವಿಶ್ವವಿದ್ಯಾಲಯದ ಜಿಯಾನ್ ಪಿಂಗ್ ಗಾಂಗ್ ಅವರ ತಂಡ ಜೋಡಿಬಲೆಯ ಜೆಲ್ ಮಾಡಿತು: ಒಂದು ಪೆಡಸು ಬಲೆ, ಅದರೊಳಗೆ ಒಂದು ಮೆತ್ತನೆಯ ಬಲೆ. ಎಳೆದಾಗ ಪೆಡಸು ಬಲೆ ಚೂರುಚೂರಾಗಿ ಮುರಿಯುತ್ತಾ ಶಕ್ತಿಯನ್ನು ನುಂಗುತ್ತದೆ, ಮೆತ್ತನೆಯದು ಉಳಿಯುತ್ತದೆ. ಅದ್ಭುತವಾದ ತಾಳಿಕೆ, ಆದರೆ ಬಲಿಕೊಟ್ಟದ್ದು ಮರಳುವುದಿಲ್ಲ. ಎರಡನೆಯ ಎಳೆತಕ್ಕೆ ಅದು ಮೊದಲಿನ ಜೆಲ್ ಅಲ್ಲ. ಒಮ್ಮೆ ಮಾತ್ರ ಏಟು ತಿನ್ನುವ ವಸ್ತುವಿಗೆ ಆ ದಾರಿ ಸರಿ. ದಿನಕ್ಕೆ ಸಾವಿರ ಸಲ ಹಿಗ್ಗಿ ಕುಗ್ಗುವ ವಸ್ತುವಿಗೆ ಯಾವುದನ್ನೂ ಬಲಿ ಕೊಡದ ದಾರಿಯೇ ಬೇಕು. ನನ್ನ ಒಲವು ಎರಡನೆಯದರ ಕಡೆಗೆ ಎಂಬುದನ್ನು ಮುಚ್ಚಿಡುವುದಿಲ್ಲ.

ಇನ್ನು ಲೋಪಗಳು. ಜಾರುವುದಕ್ಕೆ ಸಮಯ ಬೇಕು. ಉಂಗುರ ಎಳೆಯ ಮೇಲೆ ಸರಿಯುವುದಕ್ಕಿಂತ ವೇಗವಾಗಿ ಎಳೆದರೆ ಜಾರುಕೊಂಡಿಯೂ ಅಲುಗದ ಕೊಂಡಿಯೂ ಒಂದೇ. ಎರಡನೆಯ ತೊಡಕು ಇನ್ನೂ ದೊಡ್ಡದು. ಇಲ್ಲಿಯವರೆಗೆ ಹೇಳಿದ್ದೆಲ್ಲ ಜೆಲ್, ಅಂದರೆ ದ್ರವ ತುಂಬಿದ ಬಲೆ. ನೀರು ಆರಿಹೋದರೆ ಪಾಲಿಎಥಿಲೀನ್ ಗ್ಲೈಕಾಲ್ ಕೋಣೆಯ ಉಷ್ಣತೆಯಲ್ಲಿ ಎಳೆಯದೆಯೇ ಹರಳುಗಟ್ಟಿ ಮೇಣದಂತಾಗುತ್ತದೆ. ಅದರ ಹರಳು ಕರಗಲು 60 ಡಿಗ್ರಿಯ ಆಸುಪಾಸು ಬೇಕು. ಒಣಗಿದರೂ ರಬ್ಬರಾಗಿಯೇ ಉಳಿಯುವ ವಸ್ತು, ಅಂದರೆ ನಿಜವಾದ ಎಲಾಸ್ಟೊಮರ್ ಬೇಕೆಂದರೆ ಬೇರೆ ಎಳೆ ಬೇಕು, ಇಲ್ಲವೇ ಹಾರವನ್ನು ಇನ್ನೊಂದು ಪಾಲಿಮರಿಗೆ ಬೆರೆಸಬೇಕು.

ಬೆರೆಸುವ ದಾರಿಗೆ ಒಳ್ಳೆಯ ಉದಾಹರಣೆ 2017ರದ್ದೇ. ಲಿಥಿಯಂ ಬ್ಯಾಟರಿಯ ಋಣಾಗ್ರದಲ್ಲಿ ಸಿಲಿಕಾನ್ ಹಾಕಿದರೆ ಹೆಚ್ಚು ವಿದ್ಯುತ್ ಹಿಡಿಸುತ್ತದೆ, ಆದರೆ ಚಾರ್ಜ್ ಆಗುವಾಗ ಅದು ಮೂರು ಪಟ್ಟಿಗೂ ಮೀರಿ ಉಬ್ಬಿ, ಬಿರುಕು ಬಿಟ್ಟು, ಪುಡಿಯಾಗಿ ಚದುರಿಹೋಗುತ್ತದೆ. ದಕ್ಷಿಣ ಕೊರಿಯಾದ ಕೈಸ್ಟ್ ಸಂಸ್ಥೆಯ ಜಾಂಗ್ ವೂಕ್ ಚೋಯ್ ಮತ್ತು ಅಲಿ ಕೊಶ್ಕುನ್ ಅವರ ತಂಡ ಸಿಲಿಕಾನ್ ಕಣಗಳನ್ನು ಹಿಡಿದಿಡುವ ಪಾಲಿಅಕ್ರಿಲಿಕ್ ಆಮ್ಲದ ಅಂಟಿಗೆ ತೂಕದಲ್ಲಿ ನೂರಕ್ಕೆ ಐದರಷ್ಟು ಮಾತ್ರ ಪಾಲಿರೊಟಾಕ್ಸೇನ್ ಸೇರಿಸಿತು. ಉಂಗುರಗಳು ಅಂಟಿಗೆ ಬೆಸೆದುಕೊಂಡವು, ಎಳೆ ಜಾರುತ್ತಾ ಉಳಿಯಿತು. ಕಣ ಒಡೆದರೂ ಚೂರುಗಳು ಅಂಟಿನ ಹಿಡಿತದಿಂದ ಕಳಚಿಕೊಳ್ಳಲಿಲ್ಲ.

ಇನ್ನೊಂದು ದಾರಿ ಹಾರವನ್ನೇ ಕೈಬಿಡುವುದು. ಒಸಾಕಾದಲ್ಲಿ ಹರಾಡಾ ಮತ್ತು ಯೊಶಿನೊರಿ ತಕಾಶಿಮಾ ಅವರ ತಂಡ ಮೊದಲೇ ಪೋಣಿಸುವ ಗೋಜಿಗೆ ಹೋಗಲಿಲ್ಲ. ಗಾಮಾ ಉಂಗುರದ ಹೈಡ್ರಾಕ್ಸಿಲ್‌ಗಳನ್ನೆಲ್ಲ ಅಸಿಟೈಲ್ ಗುಂಪುಗಳಿಂದ ಮುಚ್ಚಿ, ಅದು ಎಣ್ಣೆಯಂಥ ಅಕ್ರಿಲೇಟ್ ದ್ರವದಲ್ಲೇ ಕರಗುವಂತೆ ಮಾಡಿದರು. ಪಾಲಿಮರಿನಲ್ಲಿ ತಾನೂ ಸೇರಿಕೊಳ್ಳುವ ಒಂದು ಹಿಡಿಕೆಯನ್ನು ಉಂಗುರಕ್ಕೆ ಅಂಟಿಸಿ, ನೂರಕ್ಕೆ ಒಂದರ ಆಸುಪಾಸಿನಲ್ಲಿ ಅದನ್ನು ಎಥಿಲ್ ಅಕ್ರಿಲೇಟಿಗೆ ಬೆರೆಸಿ, ಒಟ್ಟಿಗೆ ಪಾಲಿಮರ್ ಆಗಲು ಬಿಟ್ಟರು. ಉಂಗುರ ಒಂದು ಎಳೆಯ ಪಕ್ಕಕ್ಕೆ ಓಲೆಯಂತೆ ತೂಗುತ್ತದೆ, ಬೆಳೆಯುತ್ತಿರುವ ಇನ್ನೊಂದು ಎಳೆ ಅದರ ಕಣ್ಣಿನ ಮೂಲಕ ತೂರಿಹೋಗುತ್ತದೆ. ತುದಿಗೆ ತಡೆ ಬೇಕಿಲ್ಲ, ಎಳೆಗೆ ಅಲ್ಲಲ್ಲಿ ತೂಗಿಬಿದ್ದ ಉಂಗುರಗಳೇ ತಡೆ. ದ್ರಾವಕವಿಲ್ಲ, ನೀರಿಲ್ಲ, ಬಂದದ್ದು ಒಣ ಎಲಾಸ್ಟೊಮರ್, ಹಿಗ್ಗುವುದೂ ಸರಿ, ಸೀಳಿಗೆ ಜಗ್ಗದಿರುವುದೂ ಸರಿ.

ಒಂದೇ ಕಷ್ಟ, ಇಲ್ಲಿ ಎಣಿಸಲು ಬರುವುದಿಲ್ಲ. ಸೇರಿಸಿದ ಉಂಗುರ ಎಷ್ಟು ಎಂಬುದು ಗೊತ್ತು, ಅವುಗಳಲ್ಲಿ ಎಷ್ಟರ ಕಣ್ಣಿನಲ್ಲಿ ದಾರವಿದೆ ಎಂಬುದನ್ನು ರೋಹಿತದ ಗೋಪುರಗಳು ಬಿಡಿಸಿ ಹೇಳುವುದಿಲ್ಲ. ಹಾಗಾಗಿ ಹಳೆಯ ಪರೀಕ್ಷೆಯೊಂದರ ಮೊರೆಹೋಗಬೇಕು. ಅಂಗೈ ಮೇಲೆ ಹಿಡಿಯುವಷ್ಟು ತುಂಡನ್ನು ಕತ್ತರಿಸಿ, ಆ ಪಾಲಿಮರನ್ನು ಚೆನ್ನಾಗಿ ಕರಗಿಸುವ ದ್ರಾವಕದಲ್ಲಿ ಹಾಕಿ ರಾತ್ರಿಯಿಡೀ ಬಿಡುವುದು. ಬೆಳಗ್ಗೆ ತುಂಡು ಊದಿಕೊಂಡು, ಅಂಚು ಮಸುಕಾಗದೆ ನಿಂತಿದ್ದರೆ ದಾರ ಉಂಗುರದೊಳಗಿದೆ. ಸೀಸೆಯಲ್ಲಿ ತಿಳಿಯಾದ ದ್ರಾವಣ ಮಾತ್ರ ಉಳಿದಿದ್ದರೆ, ಇಲ್ಲ.